ಬ್ರೇಕ್ ಮಾವನ ಭಾನುವಾರದ ಪಾಠ

ಬ್ರೇಕ್ ಮಾವ ಹತ್ತಿದರೆ ಸಾಕು, ಬಸ್ಸು ತಾನಾಗಿಯೇ ನಿಧಾನವಾಗುತ್ತದೆ ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಮಾವ ಇದ್ದ ಕಟ್ಟಡದ ಕೆಳಗೆ ಕಟಿಂಗ್ ಶಾಪ್ ಇಟ್ಟಿದ್ದವನ ಮಾತು ಇನ್ನೂ ಖಾರ: “ಕತ್ತರಿ ಕಿವಿ ಹತ್ರ ಬಂದ್ರೆ ಸಾಕು, ಮಾವನ ಬಲಗಾಲು ನೆಲ ಒತ್ತುತ್ತೆ. ಅದಕ್ಕೆಲ್ಲ ಕತ್ತರಿ ನಿಲ್ಲುತ್ತಾ? ಪಾಪ ಅಂತ ನಾನೇ ನಿಲ್ಲಿಸ್ತೀನಿ.” ಎದುರು ಮನೆಯ ಅಜ್ಜಿ ಮಾತ್ರ ದನಿ ತಗ್ಗಿಸಿ, “ಊರಿಗೆಲ್ಲ ಬ್ರೇಕ್ ಹಾಕ್ತಾನೆ, ಹೆಂಡ್ತಿ ಬಾಯಿಗೆ ಹಾಕೋಕಾಗ್ಲಿಲ್ಲ ನೋಡು,” ಎನ್ನುತ್ತಿದ್ದಳು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಮಾವನದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವ ಕೆಲಸ. ಕಲಿಯುವವರ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟೇ ಅವನ ಆಯಸ್ಸಿನ ಅರ್ಧ ಕಳೆದಿತ್ತು. ಹೊಸಬರು ಬಂದು ಸ್ಟಿಯರಿಂಗ್ ಹಿಡಿದ ಮೊದಲ ದಿನ, ಕೀಲಿ ತಿರುಗಿಸುವುದಕ್ಕೂ ಮುಂಚೆ ಅವನದೊಂದು ಭಾಷಣ ಇರುತ್ತಿತ್ತು.

“ನೋಡಿ, ಹೇಳಿದ ಹೊತ್ತಿಗೆ ಬರಬೇಕು. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನಬೇಕು. ಇದು ನಾನು ನಿಮ್ಮಿಂದ ಕೇಳೋದು. ಇನ್ನು ನೀವು ನನ್ನಿಂದ ಕೇಳಬೇಕಾದ್ದು: ಒಂದಿನ ನಾನು ಈ ಬ್ರೇಕಿಂದ ಕಾಲು ತೆಗೀತೀನಿ. ಯಾವತ್ತು ಅಂತ ಹೇಳಲ್ಲ. ಆದ್ರೆ ತೆಗೀತೀನಿ. ಅವತ್ತಿಂದ ಕಾರು ನಿಮ್ದು.”

ಹೇಳಿದಂತೆಯೇ ನಡೆದುಕೊಳ್ಳುತ್ತಿದ್ದ. ಅದಕ್ಕೇ ಅವನ ಹತ್ತಿರ ಕಲಿತವರು ರಸ್ತೆಯಲ್ಲಿ ಸಿಕ್ಕರೆ ಹಾರ್ನ್ ಹೊಡೆದು ನಮಸ್ಕಾರ ಹೇಳಿ ಹೋಗುತ್ತಿದ್ದರು.

ಕಾರಿನಲ್ಲಿ ಇಷ್ಟು ಖಡಕ್ಕಾದ ಮನುಷ್ಯ ಭಾನುವಾರ ಬಂತೆಂದರೆ ಬೆಣ್ಣೆ.

ಅವರ ಕ್ರೈಸ್ತ ಸಭೆಯ ಪ್ರಾರ್ಥನಾ ಮಂದಿರದ ಹಿಂದೆ ಒಂದು ಕೋಣೆ. ಗಿಡ್ಡ ಬೆಂಚುಗಳು, ಮೂಲೆಯಲ್ಲಿ ಅರ್ಧ ಹಲ್ಲು ಉದುರಿದ ಹಳೆಯ ಪಿಯಾನೋ, ಯಾರೋ ಮರೆತುಹೋದ ಛತ್ರಿಗಳ ಕಟ್ಟು. ದೊಡ್ಡವರು ಮುಂದೆ ಆರಾಧನೆಯಲ್ಲಿರುವಾಗ ಮಕ್ಕಳಿಗೆ ಇಲ್ಲಿ ಸಂಡೇ ಸ್ಕೂಲ್: ಧರ್ಮದ ಪಾಠ, ಕಥೆ, ಹಾಡು. ಮಾವ ಒಂದು ಕಾಲದಲ್ಲಿ ಪುಟ್ಟ ಮಗಳನ್ನು ಬಿಡಲು ಹೋದವನು. ಅವತ್ತು ಕಲಿಸುವವರು ಬಂದಿರಲಿಲ್ಲ. “ಟೀಚರ್ ಬರೋ ತನಕ” ಎಂದು ಮಕ್ಕಳನ್ನು ಸುಮ್ಮನಿರಿಸಲು ಒಳಗೆ ಹೋದ. ಆ ಟೀಚರ್ ಆಮೇಲೆಂದೂ ಬರಲಿಲ್ಲ.

“ಟೀಚರ್ ಬರೋ ತನಕ ಅಂತ ಹೋದವರು,” ಎಂದು ಅವನ ಹೆಂಡತಿ, ಎಲ್ಲರ ಪಾಲಿನ ಅತ್ತೆ, ಬಂದವರಿಗೆಲ್ಲ ಹೇಳುತ್ತಿದ್ದಳು. “ಮಗಳು ದೊಡ್ಡವಳಾದ್ಲು, ಮದುವೆ ಆಯ್ತು, ಅವಳಿಗೊಂದು ಮಗು ಆಯ್ತು. ಇವರು ಇನ್ನೂ ಬಾಗಿಲ ಕಡೆ ನೋಡ್ತಾ ಕೂತಿದಾರೆ.”

ಮಕ್ಕಳು ಹೆಚ್ಚಾದಂತೆ ಒಬ್ಬನ ಕೈಲಿ ಆಗದೆ, ಮಾವ ಆರಾಧನೆ ಮುಗಿಸಿ ಹೊರಬಂದವರನ್ನು ಮೆಟ್ಟಿಲ ಬಳಿಯೇ ಹಿಡಿಯುತ್ತಿದ್ದ. ಯಾರಿಗೂ ಸಂಬಳವಿಲ್ಲ, ಒತ್ತಾಯವಿಲ್ಲ, ಮನಸ್ಸಿದ್ದವರು ಬರಬೇಕು. ಹಾಗಾಗಿ ಅವನಿಗೆ ಭಾರಿ ಸಂಕೋಚ. ಕೆಲಸ ದೊಡ್ಡದೆಂದರೆ ಓಡಿಹೋದಾರು ಎಂದು ಹೆದರಿ, “ಏನೂ ಕೆಲಸ ಇಲ್ಲ ಕಣ್ರಿ, ಸುಮ್ನೆ ಬಂದು ಕೂತ್ಕೊಳ್ಳಿ, ಅಷ್ಟೇ,” ಎನ್ನುತ್ತಿದ್ದ.

ಅವರೂ ಬಂದು ಸುಮ್ಮನೆ ಕೂರುತ್ತಿದ್ದರು! ರಿಟೈರಾದ ಬ್ಯಾಂಕಿನ ಅಣ್ಣ ಪಿಯಾನೋ ಪಕ್ಕ ಕೂತು ಪೇಪರ್ ಓದಿ, ಮಡಿಸಿಟ್ಟು, ಎದ್ದು ಹೋಗುತ್ತಿದ್ದ. ಔಷಧಿ ಅಂಗಡಿಯವನು ಒಂದು ವಾರ ಬಂದರೆ ಎರಡು ವಾರ ಮಾಯ. ಕೇಳಿದರೆ, “ಏನೂ ಕೆಲಸ ಇಲ್ಲ ಅಂದಿದ್ರಲ್ಲ ಮಾವ, ನಾನಿಲ್ದೇ ಇದ್ರೆ ಏನಾಗುತ್ತೆ ಅಂದ್ಕೊಂಡೆ.” ಅವನದೇನು ತಪ್ಪು ಹೇಳಿ?

ಕಲಿಸಬೇಕೆಂದೇ ಬಂದವರ ಪಾಡು ಬೇರೆ. ಅವರು ಬಾಯಿ ತೆರೆದರೆ ಹಿಂದಿನ ಬೆಂಚಿನಲ್ಲಿ ಮಾವ. ಒಂದು ಕ್ಷಣ ತಡವರಿಸಿದರೆ ಸಾಕು, ಅವನೇ ಕಥೆಯನ್ನು ಮುಂದಕ್ಕೆ ಎಳೆದುಕೊಂಡು ಹೋಗುತ್ತಿದ್ದ. ಸಹಾಯ ಎಂದೇ ಅವನ ತಿಳುವಳಿಕೆ. ಪಾಪ, ಮುಂದೆ ನಿಂತವರು ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗಾಗಿ, ಮುಂದಿನ ವಾರ ನೆಗಡಿ, ಅದರಾಚೆ ವಾರ ನೆಂಟರು ಎಂದು ಒಬ್ಬೊಬ್ಬರಾಗಿ ಜಾರಿಕೊಳ್ಳುತ್ತಿದ್ದರು.

ಹೀಗೇ ಸಾಗುತ್ತಿತ್ತೇನೋ. ಆದರೆ ಅತ್ತೆಯ ಮಂಡಿ ಮೂರನೇ ಮಹಡಿಯನ್ನು ಇನ್ನು ಹತ್ತಲಾರೆ ಎಂದಿತು. ಮಗಳ ಊರಿನಲ್ಲಿ, ಅವಳ ಬೀದಿಯಲ್ಲೇ, ಮೆಟ್ಟಿಲಿಲ್ಲದ ಮನೆಯೊಂದು ಸಿಕ್ಕಿತು. ಡ್ರೈವಿಂಗ್ ಸ್ಕೂಲಿಗೂ ಮಾವ ವಿದಾಯ ಹೇಳಿದ. ಸುದ್ದಿ ತಿಳಿದ ಸಭಾಪಾಲಕರು ಅವನನ್ನು ಪಕ್ಕಕ್ಕೆ ಕರೆದರು.

“ನೀವು ಹೋದ್ಮೇಲೆ ತರಗತಿಗೆ ಯಾರು?”

“ಇದಾರಲ್ಲ ಅಯ್ಯನವರೇ, ಟೀಚರುಗಳು.”

“ಎಲ್ಲಿ? ನನಗೆ ಕಾಣೋದು ನೀವೊಬ್ಬರೇ. ನೀವು ಹೊರಡೋದ್ರೊಳಗೆ ನಾಲ್ಕು ಜನ ಗಟ್ಟಿಯಾಗಿ ನಿಂತರೆ ಸರಿ. ಇಲ್ಲದಿದ್ರೆ ಆ ಕೋಣೆಗೆ ಬೀಗ ಹಾಕಿ ಮಕ್ಕಳನ್ನ ದೊಡ್ಡವರ ಜೊತೆಗೇ ಕೂರಿಸೋಣ.”

ದೊಡ್ಡವರ ಜೊತೆ ಕೂತ ಮಕ್ಕಳು ಏನು ಮಾಡುತ್ತವೆ ಎಂದು ಮಾವನಿಗೆ ಚೆನ್ನಾಗಿ ಗೊತ್ತಿತ್ತು: ದೊಡ್ಡವರಂತೆಯೇ ತೂಕಡಿಸುತ್ತವೆ.

ಆ ವಾರವೇ ಮತ್ತೊಂದು ಪೆಟ್ಟು. ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುವ ಹುಡುಗಿ ಅವನ ಹತ್ತಿರವೇ ಕಾರು ಕಲಿತವಳು. ತಿಂಗಳಿಂದ ತರಗತಿಗೆ ಬರುತ್ತಿದ್ದಳು, ಕಲಿಸುವ ಆಸೆಯೂ ಇತ್ತು. ಆ ಭಾನುವಾರ ತಪ್ಪಿಸಿಕೊಂಡ ಕುರಿಯನ್ನು ಕುರುಬ ಹುಡುಕಿಕೊಂಡು ಹೋದ ಕಥೆ ಹೇಳುತ್ತಿದ್ದಳು. ಜಡೆಯ ತುದಿ ಕಚ್ಚುತ್ತ ಕೂತಿದ್ದ ಒಂದು ಮಗು ಕೇಳಿತು: “ಅವನು ಆ ಕುರಿ ಹುಡುಕೋಕೆ ಹೋದಾಗ ಉಳಿದ ಕುರಿಗಳನ್ನ ಯಾರು ನೋಡ್ಕೊಂಡ್ರು?”

ಹುಡುಗಿ ಯೋಚಿಸಲು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಹಿಂದಿನಿಂದ ಮಾವ, “ಅದೇನಂದ್ರೆ ಪುಟ್ಟಾ...” ಎಂದು ಶುರುಮಾಡಿ ತರಗತಿ ಮುಗಿಯುವವರೆಗೂ ನಿಲ್ಲಿಸಲಿಲ್ಲ.

ಸಂಜೆ ಆಕೆ ಮೂರು ಮಹಡಿ ಹತ್ತಿ ಮನೆಗೆ ಬಂದಳು. ಅತ್ತೆ ಟೀ ಕೊಟ್ಟಳು. ಹುಡುಗಿ ಲೋಟವನ್ನೇ ನೋಡುತ್ತ, “ಮಾವ, ನಾಳೆಯಿಂದ... ಅಲ್ಲ, ಮುಂದಿನ ವಾರದಿಂದ ನಾನು ಬರಲ್ಲ,” ಎಂದಳು.

“ಯಾಕಮ್ಮ? ಕೆಲಸ ಜಾಸ್ತಿ ಆಯ್ತಾ?”

“ಕೆಲಸ ಕೊಟ್ರೆ ತಾನೇ ಜಾಸ್ತಿ ಆಗೋದು!”

ಅತ್ತೆ ಕುರ್ಚಿ ಹತ್ತಿರ ಎಳೆದುಕೊಂಡು ಕೂತಳು. “ಹೇಳಮ್ಮ, ಬಿಡಿಸಿ ಹೇಳು. ನಾನು ಹೇಳಿದ್ರೆ ಇವರ ಕಿವಿಗೆ ಹೋಗಲ್ಲ.”

“ಮಾವ, ಕಾರಲ್ಲಿ ಮೊದಲನೇ ದಿನವೇ ನೀವು ಏನು ಬೇಕು ಅಂತ ಖಡಾಖಂಡಿತ ಹೇಳಿದ್ರಿ. ನನಗೆ ಭಯ ಆಗ್ಲಿಲ್ಲ, ಧೈರ್ಯ ಬಂತು. ಒಂದಿನ ಕಾಲು ತೆಗೀತೀನಿ ಅಂದ್ರಿ, ತೆಗೆದ್ರಿ. ಅವತ್ತೇ ನಾನು ಕಾರು ಕಲಿತದ್ದು. ಇಲ್ಲಿ? ಏನು ಮಾಡಬೇಕು ಅಂತ ಹೇಳಲ್ಲ, ಮಾಡೋಕೆ ಹೋದ್ರೆ ಬಿಡಲ್ಲ. ಬ್ರೇಕ್ ಒತ್ತಿಕೊಂಡೇ ಕೂತಿದೀರಾ. ಬಂಡಿ ಯಾಕೆ ಮುಂದೆ ಹೋಗಲ್ಲ ಅಂತ ನೀವೇ ಕೇಳ್ತೀರಾ.”

ಮಾವನ ಬಲಗಾಲು ಚಾಪೆಯ ಮೇಲೆ ಒತ್ತಿಕೊಂಡಿತ್ತು. ಅತ್ತೆ ಅದನ್ನೇ ನೋಡುತ್ತಿದ್ದಳು. ಅವನೂ ನೋಡಿದ. ಮೂವರಿಗೂ ಒಟ್ಟಿಗೆ ನಗು ಬಂತು.

“ಹೇಳಿದ್ರೆ ಎಲ್ಲ ಬಿಟ್ಟು ಹೋಗ್ತಾರಲ್ಲಮ್ಮ,” ಎಂದ ನಗು ನಿಂತ ಮೇಲೆ.

“ಈಗೇನು ಇದ್ದಾರಾ?” ಎಂದಳು ಅತ್ತೆ.

ಮುಂದಿನ ಭಾನುವಾರ ತರಗತಿ ಮುಗಿದ ಮೇಲೆ ಮಾವ ಕಲಿಸುವವರನ್ನೆಲ್ಲ ಆ ಗಿಡ್ಡ ಬೆಂಚುಗಳ ಮೇಲೆ ಕೂರಿಸಿದ. ಬ್ಯಾಂಕಿನ ಅಣ್ಣನ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

“ಇಷ್ಟು ದಿನ ಏನೂ ಕೆಲಸ ಇಲ್ಲ ಅಂತ ಸುಳ್ಳು ಹೇಳಿದೆ. ಕೆಲಸ ಇದೆ. ಮೊದಲನೇ ಮಗು ಬಾಗಿಲಿಗೆ ಬರೋ ಹೊತ್ತಿಗೆ ನೀವು ಒಳಗಿರಬೇಕು. ಬೀಗ ನೋಡಿದ ಮಗು ವಾಪಸ್ ಬರಲ್ಲ. ಕಥೆ ಮನೇಲೇ ಓದ್ಕೊಂಡು ಬರಬೇಕು. ಬರೋಕಾಗಲ್ವಾ, ಶುಕ್ರವಾರ ಸಂಜೆ ಒಳಗೆ ಒಂದು ಫೋನ್ ಮಾಡಿ. ಭಾನುವಾರ ಬೆಳಗ್ಗೆ ಬರೋ ನೆಗಡಿಯನ್ನ ನಾನು ಒಪ್ಪಲ್ಲ.”

ಔಷಧಿ ಅಂಗಡಿಯವನು ಚಾವಣಿ ನೋಡಿದ.

“ಎಷ್ಟು ಕಾಲ ಮಾವ? ನಿಮ್ಮ ಥರ ಮಗಳ ಮದುವೆ ತನಕನಾ?” ಎಂದು ಕೇಳಿದವನು ಕಟಿಂಗ್ ಶಾಪಿನವನು. ಮಾವ ಊರು ಬಿಡುವ ಸುದ್ದಿ ಕೇಳಿ ಅವನು ಬಂದದ್ದೇ ಮೊದಲ ಸಲ.

“ಒಂದು ವರ್ಷ. ವರ್ಷ ಮುಗಿದ್ಮೇಲೆ ಸಾಕು ಅಂದ್ರೆ ಸಾಕು, ಯಾರೂ ಮುಖ ಗಂಟಿಕ್ಕಲ್ಲ.”

“ಹಾಗಂದ್ರೆ ನಾನು ತಯಾರು. ಕೊನೇ ದಿನ ಯಾವುದು ಅಂತ ಗೊತ್ತಿಲ್ದೇ ಇಷ್ಟು ದಿನ ನಿಮ್ಮನ್ನ ಕಂಡ್ರೆ ತಪ್ಪಿಸ್ಕೊಳ್ತಿದ್ದೆ.”

“ಮತ್ತೆ ನಮಗೆ?” ಎಂದಳು ಕ್ಲಿನಿಕ್ಕಿನ ಹುಡುಗಿ. “ನೀವೇನು ಕೊಡ್ತೀರಾ?”

ಮಾವ ಒಂದು ನಿಮಿಷ ಶೂ ನೋಡಿಕೊಂಡ. “ಹಿಂದಿನ ಬೆಂಚಿಂದ ಬಾಯಿ ಹಾಕಲ್ಲ. ಏನಾದ್ರೂ ಹೇಳೋದಿದ್ರೆ ಮಕ್ಕಳು ಹೋದ್ಮೇಲೆ ಹೇಳ್ತೀನಿ. ತಪ್ಪಿದ್ರೆ ನೀವೇ ನನ್ನನ್ನ ಹೊರಗೆ ಹಾಕಿ.”

ಬ್ಯಾಂಕಿನ ಅಣ್ಣ ಬೆಂಚಿನಿಂದ ಕಷ್ಟಪಟ್ಟು ಎದ್ದ. “ಇಷ್ಟೆಲ್ಲ ನನ್ನ ಕೈಲಾಗಲ್ಲ ಮಾರಾಯ. ಮೊದಲೇ ಹೇಳಿದ್ರೆ ಮನೇಲೇ ಪೇಪರ್ ಓದ್ತಿದ್ದೆ. ಆದ್ರೆ ಈ ಬೆಂಚು ಅಲ್ಲಾಡ್ತಿದೆ, ಅದನ್ನ ರಿಪೇರಿ ಮಾಡಿಸಿ ಕೊಡ್ತೀನಿ.” ಔಷಧಿ ಅಂಗಡಿಯವನು ಯೋಚಿಸಿ ಹೇಳುತ್ತೇನೆಂದು ಹೋದವನು ಎರಡು ದಿನ ಬಿಟ್ಟು ಬರುತ್ತೇನೆಂದು ಫೋನ್ ಮಾಡಿದ. ಕ್ಲಿನಿಕ್ಕಿನ ಹುಡುಗಿ, ಕಟಿಂಗ್ ಶಾಪಿನವನು, ಔಷಧಿ ಅಂಗಡಿಯವನು: ಮೂವರಾದರು. ನಾಲ್ಕನೆಯವರಿಲ್ಲ.

“ನಾಲ್ಕನೆಯವರು ನೀವೇ,” ಎಂದಳು ಹುಡುಗಿ. “ಒಬ್ಬೊಬ್ಬರಿಗೆ ತಿಂಗಳಿಗೊಂದು ಸರದಿ. ಹೊರಡೋ ತನಕ ತಿಂಗಳ ಕೊನೇ ಭಾನುವಾರ ನಿಮ್ದು. ಬೇರೆಯವರು ಸಿಗೋ ಹೊತ್ತಿಗೆ ನೋಡೋಣ. ಇನ್ಮೇಲೆ ಸರದಿ ನೋಡ್ಕೊಳ್ಳೋದು ನಾನು, ಶುಕ್ರವಾರದ ಫೋನೂ ನನಗೇ ಬರಲಿ.” ಸಭಾಪಾಲಕರು ಗಲ್ಲ ಕೆರೆದುಕೊಂಡು, “ನೀವು ಹೋದ ಮೇಲೂ ಇವರು ಹೀಗೇ ನಿಲ್ತಾರಾ ಅಂತ ನೋಡಬೇಕು,” ಎಂದರು. ಮಾವನಿಗೂ ಅದೇ ಚಿಂತೆ.

ಮತ್ತೆ ಹುಡುಗಿಯ ಸರದಿ ಬಂದಾಗ ಜಡೆ ಕಚ್ಚುವ ಮಗು ಬಿಟ್ಟೀತೇ? “ಉಳಿದ ಕುರಿಗಳನ್ನ ಯಾರು ನೋಡ್ಕೊಂಡ್ರು, ಇನ್ನೂ ಹೇಳಲೇ ಇಲ್ಲ,” ಎಂದಿತು. ಹುಡುಗಿ ಸುಮ್ಮನಾದಳು. ಮಾವನ ಕಾಲು ನೆಲಕ್ಕೆ ಒತ್ತಿತು, ಬೆಂಚು ಕಿರ್ರೆಂದಿತು. ಅವನು ಎರಡೂ ಪಾದಗಳನ್ನು ಬೆಂಚಿನ ಕೆಳಗೆ ಹಿಂದಕ್ಕೆಳೆದು ಒಂದರ ಮೇಲೊಂದು ಇಟ್ಟು ಸಿಕ್ಕಿಸಿಕೊಂಡ.

“ನನಗೆ ಗೊತ್ತಿಲ್ಲ,” ಎಂದಳು ಹುಡುಗಿ ಕೊನೆಗೆ. “ನಿಮಗೇನನ್ಸುತ್ತೆ?”

ಅಬ್ಬಾ, ಆಮೇಲೆ ಆ ಕೋಣೆ ಕೋಣೆಯಾಗಿ ಉಳಿಯಲಿಲ್ಲ. ನಾಯಿ ಎಂದಿತು ಒಂದು, ತಮ್ಮ ಎಂದಿತು ಇನ್ನೊಂದು. ಕುರಿಗಳೇ ಒಂದನ್ನೊಂದು ನೋಡಿಕೊಂಡವು ಎಂದಿತು ಜಡೆ ಕಚ್ಚುವ ಮಗು. ಇಷ್ಟು ವರ್ಷ ಇದೇ ಕಥೆ ಹೇಳಿದ್ದ ಮಾವನಿಗೆ ಆ ಮಾತು ಒಮ್ಮೆಯೂ ಹೊಳೆದಿರಲಿಲ್ಲ.

ಮನೆ ಬಿಡುವ ದಿನವೂ ಭಾನುವಾರವೇ ಆಯಿತು. ಸಾಮಾನಿನ ಲಾರಿ ನಸುಕಿನಲ್ಲೇ ಹೋಗಿತ್ತು. ಡ್ರೈವಿಂಗ್ ಸ್ಕೂಲಿನವರು ಅಭಿಮಾನದಿಂದ ತಮ್ಮ ಕಾರನ್ನೇ ಕಳಿಸಿದ್ದರು. ಅತ್ತೆ ಆಗಲೇ ಅದರ ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಮಾವ ಖಾಲಿ ಮನೆಯ ನಡುವೆ ನಿಂತು, ಕ್ಯಾಲೆಂಡರ್ ತೂಗುಹಾಕುತ್ತಿದ್ದ ಗೋಡೆಯಲ್ಲಿ ಉಳಿದ ಬಿಳಿ ಚೌಕ ನೋಡುತ್ತ, ಸಾವಕಾಶವಾಗಿ ಕಣ್ಣು ಒದ್ದೆ ಮಾಡಿಕೊಳ್ಳಬೇಕೆಂದಿದ್ದ.

ಮೆಟ್ಟಿಲಲ್ಲಿ ದಡದಡ ಸದ್ದಾಯಿತು. ಏದುಸಿರು ಬಿಡುತ್ತ ಕ್ಲಿನಿಕ್ಕಿನ ಹುಡುಗಿ ಬಾಗಿಲಲ್ಲಿ ನಿಂತಳು.

“ಮಾವ, ಇವತ್ತು ತಿಂಗಳ ಕೊನೇ ಭಾನುವಾರ. ಯಾರ ಸರದಿ?”

“ಅಯ್ಯೋ, ನಾನು ಊರು ಬಿಡ್ತಿದೀನಲ್ಲಮ್ಮ! ಇಡೀ ಬೀದಿಗೇ ಗೊತ್ತು.”

“ಬೀದಿಗೆ ಗೊತ್ತು, ನನಗೆ ಫೋನ್ ಬರಲಿಲ್ಲ. ಶುಕ್ರವಾರ ಸಂಜೆ ತನಕ ಕಾದೆ. ಬೇರೆ ಯಾರನ್ನೂ ಕರೆದಿಲ್ಲ.”

ಮಾವ ಅವಳ ಮುಖ ನೋಡಿದ. ತಮಾಷೆ ಇರಲಿಲ್ಲ, ಕೋಪವೂ ಇರಲಿಲ್ಲ. ಮಾತು ಅಂದರೆ ಮಾತು, ಅಷ್ಟೇ. ತನ್ನನ್ನೇ ಬಿಡದವಳು ಇನ್ಯಾರನ್ನು ಬಿಟ್ಟಾಳು? ಆ ಕೋಣೆಗೆ ಇನ್ನು ಬೀಗ ಬೀಳುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಇಷ್ಟು ದಿನ ಎದೆಯ ಮೇಲೆ ಕೂತಿದ್ದ ಕಲ್ಲು ಎತ್ತಿಟ್ಟಂತಾಗಿ, ಮುಖ ಮೊರದಗಲವಾಯಿತು.

“ಯಾವ ಕಥೆ?” ಎಂದ.

“ನೀವೇ ಓದ್ಕೊಂಡು ಬಂದಿರಬೇಕು.”

“ಸರಿ ತಾಯಿ. ನೀನೆಲ್ಲಿರ್ತೀಯಾ?”

“ಹಿಂದಿನ ಬೆಂಚಲ್ಲಿ. ಬಾಯಿ ಹಾಕಲ್ಲ.”

ಒದ್ದೆಯಾಗಬೇಕಿದ್ದ ಕಣ್ಣಿಗೆ ಪುರುಸೊತ್ತೇ ಸಿಗಲಿಲ್ಲ. ಮಾವ ಬಾಗಿಲೆಳೆದು, ಕೀಲಿಯನ್ನು ಎದುರು ಮನೆಯ ಅಜ್ಜಿಯ ಕೈಗೆ ತುರುಕಿ, ಒಂದು ಮೆಟ್ಟಿಲು ಬಿಟ್ಟು ಒಂದು ಮೆಟ್ಟಿಲು ಇಳಿಯತೊಡಗಿದ. ಮೊದಲನೇ ಮಗು ಬರುವುದರೊಳಗೆ ಒಳಗಿರಬೇಕಲ್ಲ! ಕಾರನ್ನು ದಾಟಿ ಪ್ರಾರ್ಥನಾ ಮಂದಿರದ ಕಡೆ ಅರ್ಧ ಓಟದಲ್ಲಿ ಹೊರಟವನನ್ನು ಕಂಡ ಅತ್ತೆ, ಕಿಟಕಿಯಿಂದ ತಲೆ ಹೊರಹಾಕಿ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

“ರೀ, ನಿಧಾನ! ಬ್ರೇಕ್ ಹಾಕ್ರೀ, ಬ್ರೇಕು!”