ತಲೆ ಕೇಳಿದ ಕಿರೀಟ

ದೇಜಪ್ಪ ದೋಹಾದಲ್ಲಿ ಕಟ್ಟಡ ಕಂಪನಿಯೊಂದರ ಬಡಗಿ. ಬಾಗಿಲಿನ ದಾರಂದ, ಅಡಿಗೆಮನೆಯ ಕಪಾಟು, ಸಾಹೇಬರ ಮೇಜು ಅವನ ಕೆಲಸ. ಅಲ್ಲಿಯ ನಜ್ಮಾ ಬಡಾವಣೆಯಲ್ಲಿ ದರ್ಜಿ ಅಂಗಡಿಯ ಮೇಲಿನ ಕೋಣೆಯಲ್ಲಿ ಅವನ ವಾಸ. ಆದರೆ ಬಡಗಿ ಎಂದು ಯಾರಾದರೂ ಕರೆದರೆ ಮೈಗೆ ಮೆಣಸು ಅರೆದು ಹಚ್ಚಿದಂತಾಡುತ್ತಿದ್ದ. ಊರಿನಲ್ಲಿ ಅವನು ಯಕ್ಷಗಾನ ಮೇಳದ ಕಿರೀಟ ಕಟ್ಟುವವರ ಕೈಕೆಳಗೆ ಪಳಗಿದ ಆಳು. ಮರ ಕೆತ್ತುವುದು, ಬೇಗಡೆ ಅಂಟಿಸುವುದು, ಕನ್ನಡಿ ಚೂರು ಕೂರಿಸುವುದು ಎಲ್ಲ ಕಲಿತಿದ್ದ. ತನ್ನದೇ ಎನ್ನುವ ಒಂದು ಕಿರೀಟ ರಂಗಸ್ಥಳ ಕಾಣುವ ಮೊದಲೇ ವೀಸಾ ಬಂತು, ವಿಮಾನ ಹತ್ತಿದ. ಆ ಮುಳ್ಳು ಅವನೊಳಗೆ ಮುರಿದುಕೊಂಡೇ ಉಳಿದಿತ್ತು.

೧೯೯೪ರ ಬೇಸಿಗೆಯಲ್ಲಿ ಫೋರ್ಮನ್ ನೆಸ್ಬಿಟ್ ಅವನನ್ನು ಹುಡುಕಿಕೊಂಡು ವರ್ಕ್‌ಶಾಪಿಗೆ ಬಂದ. ನೆಸ್ಬಿಟ್ ಉತ್ತರ ಐರ್ಲೆಂಡಿನವನು. ಬೇಯಿಸಿದ ಸಿಗಡಿಯಂಥ ಕೆಂಪು ಮುಖ, ಆನೆಯ ಹೆಜ್ಜೆ. ಅಲ್ಲಿಯ ಪ್ರೊಟೆಸ್ಟೆಂಟ್ ಗಂಡಸರಿಗೆ ಆರೆಂಜ್ ಸಂಘ ಎಂಬ ಬಳಗವೊಂದಿದೆ. ಬೈಬಲ್ಲನ್ನು ನಂಬಬೇಕು, ಬ್ರಿಟನ್ನಿನ ಸಿಂಹಾಸನಕ್ಕೆ ನಿಷ್ಠರಾಗಿರಬೇಕು, ಸತ್ತವರನ್ನು ಮರೆಯಬಾರದು ಎಂಬುದು ಅವರ ಕಟ್ಟಳೆ. ಕೊರಳಿಗೆ ಕಿತ್ತಳೆ ಬಣ್ಣದ ಪಟ್ಟಿ ಹಾಕಿಕೊಂಡು ಮೆರವಣಿಗೆ ಹೋಗುತ್ತಾರೆ. ಮೊದಲ ಮಹಾಯುದ್ಧದಲ್ಲಿ, ಫ್ರಾನ್ಸಿನ ಸೋಮ್ ನದಿಯ ಹತ್ತಿರ, ಜುಲೈ ಒಂದರ ಬೆಳಿಗ್ಗೆ ಅವರ ಊರುಗಳ ಹುಡುಗರು ರಾಶಿರಾಶಿಯಾಗಿ ಮಡಿದರಂತೆ. ಪ್ರತಿ ವರ್ಷ ಆ ದಿನ ಅವರ ಹೆಸರುಗಳನ್ನು ಓದುತ್ತಾರೆ. ದೋಹಾದ ಬೀದಿಯಲ್ಲಿ ಇದೆಲ್ಲ ನಡೆಯುವ ಮಾತಲ್ಲ. ಆದ್ದರಿಂದ ತಮ್ಮ ವಿಲ್ಲಾಗಳ ಕಾಂಪೌಂಡಿನೊಳಗೆ ಈಜುಕೊಳಕ್ಕೆ ಒಂದು ಸುತ್ತು ಬರುತ್ತಿದ್ದರು. ಮುಂದೆ ದಿಂಬಿನ ಮೇಲೆ ಬೈಬಲ್, ಬೈಬಲ್ಲಿನ ಮೇಲೆ ತಗಡಿನ ಕಿರೀಟ. ಆ ವರ್ಷ ತಗಡಿನ ಕಿರೀಟ ಹಳೆಯ ಏಸಿಯೊಂದರ ಅಡಿಗೆ ಸಿಕ್ಕಿ ದೋಸೆಯಾಗಿತ್ತು. ನೆಸ್ಬಿಟ್‌ಗೆ ಅದು ದೋಹಾದ ಕೊನೆಯ ವರ್ಷ ಬೇರೆ.

ಮಾತು ದಾಟಿಸಲು ಬಸ್ ಡ್ರೈವರ್ ಮೊಯ್ದಿನ್ ಕುಂಞಿ ನಿಂತ. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ, ಚಿಕ್ಕಂದಿನಿಂದ ಬಯಲಾಟದ ಹುಚ್ಚ.

“ಕಿರೀಟವಾ? ಯಾರ ತಲೆಗೆ?” ಎಂದ ದೇಜಪ್ಪ.

“ತಲೆಗೆ ಅಲ್ಲವಂತೆ. ಪುಸ್ತಕದ ಮೇಲೆ ಇಡ್ಲಿಕ್ಕಂತೆ.”

“ಪುಸ್ತಕಕ್ಕೆ ಎಂತ ಕಿರೀಟ ಸಾಯ್ಬ್ರೆ, ಅದಕ್ಕೇನು ವೇಷ ಉಂಟಾ?”

“ದೇವರ ಮಾತಿನ ಆಸರೆಯಲ್ಲಿ ರಾಣಿ ಇದ್ದಾರೆ ಅಂತ ಅರ್ಥವಂತೆ. ನೀನು ಮಾಡ್ತೀಯೋ ಇಲ್ವೋ ಹೇಳು ಮಾರಾಯ.”

ದೇಜಪ್ಪನ ಕೈ ಆಗಲೇ ತುರಿಸುತ್ತಿತ್ತು. ಆದರೆ ಕಿರೀಟ ಕಟ್ಟಲು ಕಲಿಸಿದ ಗುರುಗಳು ಒಂದು ಮಾತು ಹೇಳಿ ಕಳಿಸಿದ್ದರು: ಕಟ್ಟಿದ ಕಿರೀಟ ಒಂದು ಸಲವಾದರೂ ತಲೆ ಏರಬೇಕು, ಹಾಗೇ ಕೊಟ್ಟರೆ ಅದು ಬರೀ ಕಟ್ಟಿಗೆ, ಕಟ್ಟಿದವನು ಬರೀ ಬಡಗಿ. ದೇಜಪ್ಪ ಅದನ್ನೇ ಹೇಳಿದ. ನೆಸ್ಬಿಟ್‌ನ ಮುಖ ಇನ್ನಷ್ಟು ಕೆಂಪಾಯಿತು. ಅದು ರಾಣಿಯ ಕಿರೀಟ, ತಾವು ನಿಷ್ಠೆಯ ಪ್ರಮಾಣ ಮಾಡಿದ ಪ್ರಜೆಗಳು, ತಮ್ಮಲ್ಲಿ ಯಾರೂ ಅದನ್ನು ತಲೆಗಿಡುವಂತಿಲ್ಲ ಎಂದ. “ಮಾಫಿ. ಖಲಾಸ್.” ಗಲ್ಫಿನ ಅರಬಿಯಲ್ಲಿ ಇಲ್ಲ, ಮುಗಿಯಿತು ಎಂದರ್ಥ.

“ಹಾಗಾದ್ರೆ ರಾಣಿಯಮ್ಮನನ್ನೇ ಒಮ್ಮೆ ವರ್ಕ್‌ಶಾಪಿಗೆ ಬರ್ಲಿಕ್ಕೆ ಹೇಳಿ. ಅಳತೆಯೂ ತೆಗೆದ ಹಾಗಾಯ್ತು” ಎಂದ ದೇಜಪ್ಪ.

ಮೊಯ್ದಿನ್ ಕುಂಞಿ ಗಂಟಲು ಸರಿಮಾಡಿಕೊಂಡು, ಬಡಗಿ ಒಪ್ಪಿದ್ದಾನೆ ಎಂದು ನೆಸ್ಬಿಟ್‌ಗೆ ಹೇಳಿದ.

ಪ್ಯಾಕಿಂಗ್ ಪೆಟ್ಟಿಗೆಯ ಹಗುರ ಮರ ಸಿಕ್ಕಿತು. ಕೆಳಗಿನ ದರ್ಜಿ ಜರಿ, ಮಣಿ ಕೊಟ್ಟ. ನೆಸ್ಬಿಟ್ ಮಾದರಿಗೆಂದು ಕಿರೀಟದ ಚಿತ್ರವಿದ್ದ ಬಿಸ್ಕೆಟ್ ಡಬ್ಬಿಯೊಂದನ್ನು ಕೊಟ್ಟಿದ್ದ. ದೇಜಪ್ಪ ಅದರೊಳಗೆ ಮೊಳೆ ಹಾಕಿಟ್ಟು, ತನಗೆ ಗೊತ್ತಿದ್ದ ರಾಜವೇಷದ ಕಿರೀಟವನ್ನೇ ಕಟ್ಟಿದ. ಅಳತೆಗೆ ಮೊಯ್ದಿನ್ ಕುಂಞಿಯ ತಲೆ. “ನಿಮ್ಮದು ಕಂಪನಿಯಲ್ಲೇ ಉರುಟು ತಲೆ” ಎಂದು ಹೊಗಳಿ ನೂಲು ಸುತ್ತಿದ್ದ.

ಜುಲೈ ಒಂದು ಶುಕ್ರವಾರ ಬಿತ್ತು. ಬೆಳಿಗ್ಗೆಯೇ ಕಪ್ಪು ಕೋಟು, ಗುಂಡು ಟೋಪಿ, ಕಿತ್ತಳೆ ಪಟ್ಟಿಯ ಗಂಡಸರು ಕೊಳದ ಪಕ್ಕ ಬೆವರುತ್ತ ನಿಂತಿದ್ದರು. ಕಿರೀಟ ಮಾತ್ರ ಒಳಗೆ, ಅಡಿಗೆಮನೆಯಲ್ಲಿ, ದೇಜಪ್ಪನ ತೋಳಿನಲ್ಲಿತ್ತು. ಹಸುಗೂಸಿನ ಹಾಗೆ ಅವುಚಿಕೊಂಡು, ತರಲು ಬಂದ ಮೊಯ್ದಿನ್ ಕುಂಞಿಗೆ, ತಲೆ ಏರದ ಹೊರತು ಕೊಡಲಾರೆ ಎಂದು ಕೂತಿದ್ದ.

“ಸಾಯ್ಬ್ರೆ, ನೀವು ಇಂಗ್ಲೆಂಡಿನ ರಾಣಿಯ ಪ್ರಜೆಯಾ?”

“ನಾನು ಉಪ್ಪಿನಂಗಡಿಯವ ಮಾರಾಯ.”

“ಹಾಗಾದ್ರೆ ಅವರ ಪ್ರಮಾಣ ನಿಮಗೆ ತಾಗುವುದಿಲ್ಲ. ಬಗ್ಗಿ. ಒಂದು ಗಳಿಗೆ ಇಟ್ಟು ತೆಗೀತೇನೆ.”

ಮೊಯ್ದಿನ್ ಕುಂಞಿ ಬೇಡ ಬೇಡ ಎನ್ನುತ್ತಲೇ ತಲೆ ಕೊಟ್ಟ. ದೇಜಪ್ಪ ಮೇಳದ ಕ್ರಮದಲ್ಲೇ ಹುರಿಯನ್ನು ಗದ್ದದಡಿ ಎಳೆದು, ಹಿಂದೆ ಬಿಗಿದು ಕಟ್ಟಿದ. ಅಷ್ಟರಲ್ಲಿ ನೆಸ್ಬಿಟ್ ಬಾಗಿಲು ದೂಡಿಕೊಂಡು ಬಂದ. ಚಿನ್ನದ ಬಣ್ಣದಲ್ಲಿ ಧಗಧಗಿಸುವ ಕಿರೀಟ ಕಂಡದ್ದೇ ತಡ, ಅವನ ಕಾಲು ಜೋಡಿಯಾಯಿತು, ಟೋಪಿ ಕೈಗೆ ಬಂತು, ಗದ್ದ ಮೇಲೆದ್ದಿತು. ಕೆಳಗೆ ಮೀಸೆ ತಿರುವುತ್ತಿರುವುದು ಬಸ್ ಡ್ರೈವರ್ ಎಂದು ತಿಳಿಯಲು ಒಂದು ಉಸಿರು ಹಿಡಿಯಿತು.

“ಬಿಚ್ಚು” ಎಂದ.

ಬಿಚ್ಚಲು ಹೋದರೆ ಬೆವರಿಗೆ ನೆನೆದ ಹುರಿ ಹುಣಸೆಬೀಜದಷ್ಟು ಗಂಟಾಗಿ ಕೂತಿತ್ತು. ನೆಸ್ಬಿಟ್ ಕತ್ತರಿ ಎತ್ತಿದ. ದೇಜಪ್ಪ ನಡುವೆ ಬಂದು ನಿಂತ. “ಹುರಿ ಕತ್ತರಿಸಿದ್ರೆ ಕಿರೀಟದ ಕಟ್ಟೇ ಕಳಚ್ತದೆ. ಮೊದಲು ನನ್ನನ್ನು ಕತ್ತರಿಸ್ಲಿಕ್ಕೆ ಹೇಳಿ.”

“ನಿಮ್ಮಿಬ್ಬರ ಜಗಳ ಏನೇ ಇರ್ಲಿ, ಜುಮಾ ನಮಾಜಿಗೆ ಮುಂಚೆ ಬಿಚ್ಚಬೇಕು, ಆಯ್ತಾ? ಇದನ್ನು ಹೊತ್ತುಕೊಂಡು ಮಸೀದಿಗೆ ಹೋದ್ರೆ ನನ್ನ ಕತೆ ಮುಗೀತು” ಎಂದ ಮೊಯ್ದಿನ್ ಕುಂಞಿ.

ಹೊರಗೆ ಬಿಸಿಲು ಏರುತ್ತಿತ್ತು, ಒಬ್ಬ ಮುದುಕ ಆಗಲೇ ಕುರ್ಚಿ ಹಿಡಿದಿದ್ದ. ನೆಸ್ಬಿಟ್ ಕತ್ತರಿ ಕೆಳಗಿಟ್ಟ. ಗೆಳೆಯರ ಕಡೆ ನೋಡಿದ, ಕಿರೀಟದ ಕಡೆ ನೋಡಿದ. “ಪುಸ್ತಕ ಮುಂದೆ, ಕಿರೀಟ ಅದರ ಬೆನ್ನಿಗೆ. ಕಿರೀಟದ ಕೆಳಗೆ ಯಾರೂ ನೋಡಬಾರದು. ಯಲ್ಲಾ, ಹೊರಡಿ.”

ಟೇಪ್ ರೆಕಾರ್ಡರಿನಲ್ಲಿ ಕೊಳಲು, ಡೋಲು ಶುರುವಾದವು. ಮುಂದೆ ಬೈಬಲ್, ಹಿಂದೆ ಮೊಯ್ದಿನ್ ಕುಂಞಿ, ಅವನ ಹಿಂದೆ ಗುಂಡು ಟೋಪಿಗಳ ಸಾಲು. ಮೊದಮೊದಲು ಅವನು ಕದ್ದ ಕೋಳಿ ಕಂಕುಳಲ್ಲಿಟ್ಟವನಂತೆ ನಡೆದ. ಡೋಲಿನ ಪೆಟ್ಟು ಬಿರುಸಾಗುತ್ತಿದ್ದಂತೆ ಹೆಗಲು ಏರಿತು, ಎದೆ ಉಬ್ಬಿತು. ಕೊಳದ ತಿರುವಿನಲ್ಲಿ ತಡೆಯಲಾಗದೆ ಗಿರ್ರನೆ ಸುತ್ತು ತಿರುಗಿಯೇಬಿಟ್ಟ. ಒಂದಲ್ಲ, ಉಸಿರು ಮುಗಿಯುವ ತನಕ. ಹೊಟ್ಟೆ ಕುಲುಕಿತು, ಚಪ್ಪಲಿ ಹಾರಿ ನೀರಿಗೆ ಬಿತ್ತು, ಸಾಲಿನಲ್ಲಿದ್ದವರು ನಗುತ್ತ ಒಬ್ಬರ ಮೇಲೊಬ್ಬರು ಎಡವಿದರು. ದೇಜಪ್ಪ ಅದ್ಯಾವುದನ್ನೂ ನೋಡಲಿಲ್ಲ. ಕಿರೀಟ ಅಲುಗುತ್ತದೆಯೇ ಎಂದಷ್ಟೇ ನೋಡಿದ. ಕೂದಲೆಳೆಯಷ್ಟೂ ಅಲುಗಲಿಲ್ಲ. ಅವನು ಕೊಳದ ದಂಡೆಯ ಮೇಲೆ ಕುಕ್ಕರಿಸಿ, ಎರಡು ಕೈಯಲ್ಲೂ ಮುಖ ಒರೆಸಿಕೊಂಡ.

ಆಮೇಲೆ ಹೆಸರು ಓದುವ ಹೊತ್ತು. ನಗು ತಾನಾಗಿ ಇಳಿಯಿತು. ನೆಸ್ಬಿಟ್ ಓದುತ್ತ ಓದುತ್ತ ಒಂದು ಹೆಸರಿನ ಹತ್ತಿರ ಬಂದು ನಿಂತುಬಿಟ್ಟ. ಅದು ಅವನ ಅಜ್ಜನ ಹೆಸರು. ಕಿರೀಟ ಹೊತ್ತ ಮೊಯ್ದಿನ್ ಕುಂಞಿ ಒಂದು ಹೆಜ್ಜೆ ಮುಂದಿಟ್ಟು, ಆಟದ ಅರಸನ ಗತ್ತಿನಲ್ಲಿ ನಿಧಾನವಾಗಿ ಹೇಳಿದ: “ಹೂಂ. ಹೇಳುವಂಥವನಾಗು. ನಾವು ಕೇಳುತ್ತಿದ್ದೇವೆ.”

ಕನ್ನಡದ ಒಂದಕ್ಷರ ಬಾರದ ನೆಸ್ಬಿಟ್ ತಲೆಯೆತ್ತಿ, ಅಜ್ಜನ ಹೆಸರನ್ನು ಕಾಂಪೌಂಡಿನ ಗೋಡೆಗೆ ಕೇಳುವಂತೆ ಹೇಳಿದ.

ಅಡಿಗೆಮನೆಯ ಎಣ್ಣೆ ಹಾಕಿ ಉಜ್ಜಿ ದೇಜಪ್ಪ ಗಂಟು ಬಿಡಿಸಿದ. ಹಣೆಯ ಮೇಲೆ ಕೆಂಪು ಗೆರೆ ಹೊತ್ತ ಮೊಯ್ದಿನ್ ಕುಂಞಿ ಸ್ನಾನಕ್ಕೆ ಓಡಿದ. ಊರಿಗೆ ಒಯ್ಯುತ್ತೇನೆಂದು ನೆಸ್ಬಿಟ್ ಎರಡು ಕೈ ಚಾಚಿದಾಗ ದೇಜಪ್ಪ ಈ ಸಲ ತಡ ಮಾಡಲಿಲ್ಲ. ಕಿರೀಟವನ್ನು ಕೊಟ್ಟು, ತನಗೆ ಬರುವ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ, ಮೇಳದ ಗುರುವಿನ ಹಾಗೆ ಬೆರಳು ಎತ್ತಿ ಹೇಳಿದ:

“ಫ್ಲೈಟಲ್ಲಿ ಲಗೇಜಿಗೆ ನೋ. ಮಡಿಲಲ್ಲಿ.”

ಮಡಿಲು ಎಂದರೇನೆಂದು ತನ್ನ ತೊಡೆ ತಟ್ಟಿ ತೋರಿಸಿದ.