ಸಿಂಗಳೀಕ ಹಿಂದಿನಿಂದ ಹೇಗಿರುತ್ತದೆ?

“ಮಾಸ್ತರ್ರ, ಇದರ ಬೆನ್ನು ಹೆಂಗ ಐತ್ರಿ?”

ಕಿನ್ನಾಳದ ಗೊಂಬೆ ಕಲಾವಿದ ಶಂಕ್ರಪ್ಪ ಹೀಗೆ ಕೇಳಿದಾಗ ನಾನು ಅವರ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ.

ವಿಷಯ ಇಷ್ಟು. ಶ್ರಾವಣದಲ್ಲಿ ನಾನು ಕುದುರೆಮುಖದ ಮಳೆಕಾಡಿಗೆ ಹೋಗಿದ್ದೆ, ವಿಜ್ಞಾನ ಮಾಸ್ತರರ ಶಿಬಿರಕ್ಕೆ. ಆ ಕಾಡಿಗೆ ಈಚೆಗಷ್ಟೇ, ಹೋದ ವರ್ಷ ಎಂಬತ್ತೇಳರಲ್ಲಿ, ರಾಷ್ಟ್ರೀಯ ಉದ್ಯಾನವೆಂಬ ಹೆಸರು ಬಂದಿದೆ. ಗಂಗಾವತಿಗೆ ವಾಪಸ್ ಬಂದವನೇ (ಬಸ್ಸಿನಲ್ಲಿ ಎರಡು ಸಲ ವಾಂತಿ, ಅದು ಬೇರೆ ಮಾತು) ಶಾಲೆಯಲ್ಲಿ ಭಾಷಣ ಬಿಗಿದೆ. ನಮ್ಮಲ್ಲಿ ಮರಳಿ ಊರಿನಿಂದ ಕಾರಟಗಿವರೆಗೆ ಎಲ್ಲಿ ನೋಡಿದರೂ ಒಂದೇ ಭತ್ತ. ಅಲ್ಲಿ ಒಂದು ಮರ ಅಂದರೆ ಒಂದು ಊರು! ಕಾಂಡಕ್ಕೆ ಪಾಚಿ, ಟೊಂಗೆಗೆ ಸೀತಾಳೆ ಹೂ, ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ, ಎಲ್ಲಕ್ಕೂ ಮೇಲೆ ಸಿಂಗಳೀಕವೆಂಬ ಕಪ್ಪು ಮಂಗ. ಹುಮ್ಮಸ್ಸಿನಲ್ಲಿ ಮಾತೂ ಕೊಟ್ಟುಬಿಟ್ಟೆ: ವಸ್ತುಪ್ರದರ್ಶನಕ್ಕೆ ಆ ಮರವನ್ನೇ ಮಾಡಿಸುತ್ತೇನೆ, ಸಿಂಗಳೀಕದ ಸಮೇತ.

ಅದಕ್ಕೇ ಕಿನ್ನಾಳ. ಕೈಯಲ್ಲಿ ಒಂದು ಫೋಟೋ. ಕಪ್ಪು ಮುಖ, ಸುತ್ತ ಬೆಳ್ಳಿ ಬಣ್ಣದ ಜೂಲು. ಕುತ್ತಿಗೆಯವರೆಗೆ ಮಾತ್ರ.

“ಬೆನ್ನು... ಕರ್ರಗ ಐತಿ.”

“ಬಾಲ?”

“ಬಾಲಾನೂ ಐತಿ.”

“ಐತಿ ಅನ್ನೋದು ನನಗೂ ಗೊತ್ತೈತ್ರಿ. ಎಷ್ಟುದ್ದ? ನಮ್ಮೂರ ಮಂಗ್ಯಾನಂಗ ಜೋತು ಬಿಡತೈತೋ, ಹನುಮಪ್ಪನಂಗ ಎತ್ತತೈತೋ?”

ಒಳಗೆ ಹುಣಸೆ ಬೀಜದ ಅಂಟು ಅರೆಯುತ್ತಿದ್ದ ಅವರ ಹೆಂಡತಿ ಶಾಂತವ್ವ ಕೈ ನಿಲ್ಲಿಸಿದರು. “ಐದ್ ದಿನ ಕಾಡಿನಾಗ ಇದ್ದು ಏನ್ ನೋಡಿ ಬಂದ್ರಿ, ಮಾಸ್ತರ್ರ?”

ಏನು ನೋಡಿದೆ? ನಿಜ ಹೇಳಲೇ? ನನ್ನ ಕಾಲು ನೋಡಿದೆ. ಐದೂ ದಿನ. ಇಂಬಳ ಹತ್ತಿತೇ ಎಂಬ ಒಂದೇ ಚಿಂತೆ. (ಮಳೆಕಾಡಿನ ಸಣ್ಣ ಜಿಗಣೆ ಅದು. ಬಯಲುಸೀಮೆಯವರ ರಕ್ತ ಅದಕ್ಕೆ ಹಬ್ಬದೂಟ.) ಕಾಲುಚೀಲದ ಮೇಲೆ ಕಾಲುಚೀಲ, ಒಳಗೆ ತಂಬಾಕಿನ ಪುಡಿ. ಜತೆಯವರು “ಅಗೋ ಸಿಂಗಳೀಕ!” ಎಂದು ತಲೆಯೆತ್ತಿದಾಗ ನಾನು ಬಗ್ಗಿ ಹಿಮ್ಮಡಿ ಕೆರೆಯುತ್ತಿದ್ದೆ. ಎದ್ದು ನೋಡಿದರೆ ಟೊಂಗೆ ಅಲ್ಲಾಡುತ್ತಿತ್ತು, ಅಷ್ಟೇ. ಶಾಲೆಯಲ್ಲಿ ಬಿಗಿದ ಭಾಷಣವೆಲ್ಲ ಶಿಬಿರದಲ್ಲಿ ಹಂಚಿದ ಹಾಳೆಯದು!

“ಯಾವುದರೆ ಒಂದು ಬಾಲ ಹಚ್ಚಿಬಿಡ್ರಿ” ಎಂದೆ. “ಗಂಗಾವತ್ಯಾಗ ಯಾರು ನೋಡ್ಯಾರ?”

ಶಂಕ್ರಪ್ಪ ಕೈಯಲ್ಲಿದ್ದ ಕಟ್ಟಿಗೆಯ ತುಂಡು ಕೆಳಗಿಟ್ಟರು.

“ಯಾರೂ ನೋಡಿಲ್ಲ, ಅದಕ್ಕ ಹಚ್ಚಂಗಿಲ್ರಿ. ನಾ ಏನು ಹಚ್ಚತೀನೋ ಅದ ಆ ಹುಡುಗರಿಗೆ ಖರೇ ಆಗತೈತಿ. ಕಡೀತನಕಾ ಅದ ತಲಿಯಾಗ ಇರತೈತಿ. ನಾವು ಗೊಂಬಿ ಸುತ್ತಲೂ ಕಡಿಯೋ ಮಂದಿ, ಬರೇ ಮಾರಿ ಅಲ್ಲ.”

ಫೋಟೋ ಮುಖ ತೋರಿಸಿ ಸುಮ್ಮನಾಗುತ್ತದೆ. ಭಾಷಣವೂ ಹಾಗೇ. ಕಾಡು ಉಳಿಸಿ, ಪ್ರಾಣಿ ಉಳಿಸಿ ಎಂದು ಕೂಗುವ ನನ್ನಂಥವರಲ್ಲಿ ಎಷ್ಟು ಜನ ಆ ಪ್ರಾಣಿಯನ್ನು ಒಂದು ಸುತ್ತು ಹಾಕಿ ನೋಡಿದ್ದೇವೆ?

ಮರುದಿನ ತರಗತಿಯಲ್ಲಿ ಒಪ್ಪಿಕೊಂಡೆ: ನಾನು ಸಿಂಗಳೀಕ ನೋಡಿಲ್ಲ. ತರಗತಿಯೆಲ್ಲ ನಗು. (ನಗಲಿ. ನಾನೂ ನಗುತ್ತಿದ್ದೆ, ಅವರ ಜಾಗದಲ್ಲಿದ್ದರೆ.) ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ನಗಲಿಲ್ಲ. “ಹಂಗಾರ ಪ್ರದರ್ಶನದಾಗ ಅದು ಇರಂಗಿಲ್ಲೇನ್ರಿ ಸರ್?”

“ನೋಡಿ ಬರತೀನವಾ” ಎಂದೆ.

ದಸರಾ ರಜೆ ಶುರುವಾಗಿದೆ. ಇಂದು ಸಂಜೆ ಹೊಸಪೇಟೆ ಬಸ್ಸು, ಅಲ್ಲಿಂದ ಶಿವಮೊಗ್ಗ, ಮುಂದೆ ಸಿಕ್ಕಿದ್ದು. ಚೀಲ ಕಟ್ಟುವುದನ್ನು ಕಂಡು ಹೆಂಡತಿ, “ನಿಮಗ ಜ್ವರಾ ಬಂದು ಬಿದ್ರ ಯಾರು ನೋಡೋರು?” ಎಂದಳು. ಅದನ್ನು ನಾನು ಅವಳಿಗಿಂತ ಮೊದಲೇ ಯೋಚಿಸಿ, ಹೆದರಿ, ಮಾತ್ರೆಯನ್ನೂ ಕೊಂಡಾಗಿದೆ. ಹೆದರುತ್ತಲೇ ಹೋಗುತ್ತೇನೆ. ಹೆದರಿಕೆ ಮುಗಿಯಲಿ ಎಂದು ಕಾದರೆ ನಾನು ನಮ್ಮ ಓಣಿಯನ್ನೂ ದಾಟುವುದಿಲ್ಲ. ಈ ಸಲ ಮರದ ಬುಡದಲ್ಲಿ ತಲೆಯೆತ್ತಿ ಕೂರುವುದು, ಅಷ್ಟೇ ಕೆಲಸ. ಕಾಲು ತನ್ನ ಪಾಡು ತಾನು ನೋಡಿಕೊಳ್ಳಲಿ.

ಶಂಕ್ರಪ್ಪ ಮರವನ್ನು ಮಾಡಿಟ್ಟಿರುತ್ತಾರಂತೆ, ಮೇಲಿನ ಟೊಂಗೆಯೊಂದನ್ನು ಖಾಲಿ ಬಿಟ್ಟು.

ಕಾಣದೆ ಬಂದರೆ? ಹಾಗೇ ಇಡುತ್ತೇನೆ. ಸಿಂಗಳೀಕ ಇಲ್ಲದ ಟೊಂಗೆ ಹೇಗಿರುತ್ತದೆ ಎಂದು ಮಕ್ಕಳು ಈಗಲೇ ನೋಡಿಕೊಳ್ಳುವುದು ಒಳ್ಳೆಯದಲ್ಲವೇ?