ಅವಳ ಮಾತ್ರೆ, ಅವನ ರಿಪೋರ್ಟು

ಉಕ್ಕಿನ ಕಾರ್ಖಾನೆಯ ಆ ಕ್ರೇನ್ ಆಪರೇಟರಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಕಡ್ಡಾಯವಾಗಿತ್ತು. ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಬಂದರೆ ಕ್ರೇನಿನಿಂದ ಇಳಿಸಿ ಗೋದಾಮಿಗೆ ಹಾಕುತ್ತಾರೆ ಎಂದು ಅವನು ನಂಬಿದ್ದ. ಹೆಂಡತಿಗೆ ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ಕೊಲೆಸ್ಟ್ರಾಲ್ ಇಳಿಸಲು ಡಿಸ್ಪೆನ್ಸರಿಯಿಂದ ಅವಳಿಗೆ ತಿಂಗಳಿಗೆ ಮೂವತ್ತು ಮಾತ್ರೆ ಬರುತ್ತಿತ್ತು. ಪರೀಕ್ಷೆಗೆ ಮುಂಚಿನ ತಿಂಗಳು ಆ ಮೂವತ್ತನ್ನೂ ಅವನೇ ನುಂಗುತ್ತಿದ್ದ.

"ನನ್ನ ಮಾತ್ರೆ ನುಂಗಿ ಪಾಸಾಗೋದು, ಆಮೇಲೆ ಊರೆಲ್ಲ ರಿಪೋರ್ಟು ತೋರಿಸ್ಕೊಂಡು ಬರೋದು. ನಾಚ್ಕೆ ಆಗಲ್ವೇನ್ರೀ?" ಎಂದು ಅವಳು ಅಣಕಿಸುತ್ತಿದ್ದಳು.

"ಒಂದು ತಿಂಗಳಿಗೆ ಏನಾಗುತ್ತೆ ಕಣೇ, ಕಲ್ಲುಗುಂಡಿನ ಹಾಗಿದ್ದೀಯ."

ಈ ಸಲವೂ ಅವನ ರಿಪೋರ್ಟು ಚೆನ್ನಾಗಿ ಬಂತು. ಅದೇ ವಾರ ಬಟ್ಟೆ ಹರವುತ್ತಿದ್ದ ಅವಳು ಎದೆ ಹಿಡಿದುಕೊಂಡು ಕುಸಿದಳು.

"ಮಾತ್ರೆ ಬಿಟ್ಟಿದ್ರಾ ಅಮ್ಮಾ?" ಎಂದು ಆಸ್ಪತ್ರೆಯ ಡಾಕ್ಟರು ಕೇಳಿದರು.

ಅವಳು ಗಂಡನ ಮುಖ ನೋಡಿದಳು. "ಮರ್ತೋಯ್ತು ಡಾಕ್ಟ್ರೇ."

"ನೀವಾದ್ರೂ ನೆನಪಿಸಬಾರದಿತ್ತಾ?" ಎಂದು ಡಾಕ್ಟರು ಅವನತ್ತ ತಿರುಗಿದರು. ಅವನು ತಲೆ ತಗ್ಗಿಸಿದ. ಮೂರನೆಯ ದಿನ ಅವಳು ತೀರಿಕೊಂಡಳು.

ಮರುವರ್ಷ ಮನೆಯಲ್ಲಿ ಮಾತ್ರೆ ಇರಲಿಲ್ಲ. ಅವನ ಕೆಟ್ಟ ಕೊಲೆಸ್ಟ್ರಾಲ್ ನೂರ ಎಂಬತ್ತೆಂಟು ಬಂತು. ಗೋದಾಮಿಗೆ ಹೋಗಲು ಸಿದ್ಧನಾಗಿಯೇ ಅವನು ಕಾರ್ಖಾನೆಯ ಡಾಕ್ಟರ ಮುಂದೆ ಕೂತ.

"ಇದಕ್ಕೆಲ್ಲ ಯಾರು ಕ್ರೇನಿಂದ ಇಳಿಸ್ತಾರ್ರೀ?" ಎಂದು ನಕ್ಕ ಡಾಕ್ಟರು ಚೀಟಿ ಬರೆದು ಕೊಟ್ಟರು. "ದಿನಕ್ಕೊಂದು ತಗೊಳ್ಳಿ. ನಡುವೆ ಮಾತ್ರ ಬಿಡಬೇಡಿ."

ಚೀಟಿಯಲ್ಲಿದ್ದದ್ದು ಅವಳ ಮಾತ್ರೆಯ ಹೆಸರೇ.